ಆ ಸದ್ದು ನನಗೆ ಬೇಕಿತ್ತು

ಗೆಳೆಯಾ,

ನಿನ್ನ ಸಂದೇಶ ಓದಿದೆ. "ನಿಮ್ಮ ಅಮೆರಿಕನ್ ಫುಟ್‌ಬಾಲ್ ಈಗ ಉಪ್ಪಿಲ್ಲದ ಸಾರು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೈ ಸೋಕಿದರೆ ಸಾಕು, ತಪ್ಪೆಂದು ಹಳದಿ ಬಾವುಟ ಬೀಳುತ್ತದೆ" ಎಂದಿದ್ದೀಯ. ಹಸಿರು ಸೋಫಾದ ಕಾಲದಲ್ಲಿ, ನಾವು ಮೂವರು ಗೆಳೆಯರು ಸಿನ್ಸಿನಾಟಿ ಬೆಂಗಾಲ್ಸ್ ತಂಡಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದಾಗ, ಈ ಮಾತಿಗೆ ನಾನೂ ತಲೆಯಾಡಿಸುತ್ತಿದ್ದೆ. (ಮೂರನೆಯವನಿಗೆ ಈ ಪತ್ರ ತೋರಿಸಬೇಡ. ಮತ್ತೆ ಇಡ್ಲಿ ಪಾತ್ರೆಯ ವಿಷಯ ತೆಗೆಯುತ್ತಾನೆ.)

ನಿನ್ನ ದೂರಿನಲ್ಲಿ ನಿಜವಿಲ್ಲದಿಲ್ಲ. 2018ರಲ್ಲಿ ಗ್ರೀನ್ ಬೇ ತಂಡದ ಕ್ಲೇ ಮ್ಯಾಥ್ಯೂಸ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಭುಜದಿಂದ ಕೆಡವಿದಾಗ, ಮೈಭಾರ ಹಾಕಿದನೆಂದು ದಂಡ ವಿಧಿಸಿದರು. ಅದು ನನಗೂ ಅನ್ಯಾಯವೆನಿಸಿತು. ಓಡಿ ಬಂದು ಬೀಳುವ ದೇಹ ಗಾಳಿಯಲ್ಲೇ ಪಕ್ಕಕ್ಕೆ ಹೊರಳಲಾರದು.

ಆದರೆ ಸುರಕ್ಷತೆ ಬಂದದ್ದರಿಂದ ಆಟ ಕೆಟ್ಟಿತು ಎಂದರೆ ಒಪ್ಪಲಾರೆ. 1905ರಲ್ಲಿ ಆಟಕ್ಕಿಳಿದ ಹುಡುಗರು ಸಾಯುತ್ತಿದ್ದಾಗ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳ ತರಬೇತುದಾರರನ್ನು ಶ್ವೇತಭವನಕ್ಕೆ ಕರೆಸಿದರು. ಗುಂಪಾಗಿ ನುಗ್ಗಿ ತುಳಿಯುವ ಆಟ ತಗ್ಗಲೆಂದು, ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ನೀನು ಸೋಫಾದ ಮೇಲೆ ಹತ್ತಿ ನಿಂತು ಕೂಗುತ್ತಿದ್ದೆಯಲ್ಲ, ಆ ಉದ್ದನೆಯ ಎಸೆತ ಹುಟ್ಟಿದ್ದೇ ಜೀವ ಉಳಿಸುವ ನಿಯಮದಿಂದ!

ಇಷ್ಟು ಹೇಳಿ ನಿಲ್ಲಿಸಬೇಕೆಂದಿದ್ದೆ.

2022ರ ಸೆಪ್ಟೆಂಬರ್ 29ರ ರಾತ್ರಿ ನಮ್ಮ ಬೆಂಗಾಲ್ಸ್ ಎದುರು ಮಯಾಮಿಯ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾ ಆಡುತ್ತಿದ್ದ. ನಾಲ್ಕು ದಿನಗಳ ಹಿಂದಿನ ಪಂದ್ಯದಲ್ಲೇ ಅವನು ಬಿದ್ದೆದ್ದು ತೂರಾಡಿದ್ದ, ಆದರೂ ಅಂದು ಮರಳಿ ಆಡಿದ್ದ. ಈ ಸಲ ತಲೆ ನೆಲಕ್ಕೆ ಅಪ್ಪಳಿಸಿತು. ಮುಖದ ಮುಂದೆ ಅವನ ಬೆರಳುಗಳು ಸೊಟ್ಟಗೆ ಸೆಟೆದು ನಿಂತವು. ಆಮೇಲೆ, ನಡೆಯುವಾಗ ತೂರಾಡಿದವನು ಆ ದಿನ ಮತ್ತೆ ಆಡುವಂತಿಲ್ಲ ಎಂದು ನಿಯಮವನ್ನು ಬಿಗಿ ಮಾಡಿದರು.

ನಾನು ಆ ರಾತ್ರಿ ರಿಮೋಟ್ ಎತ್ತಿಕೊಂಡು ದೃಶ್ಯವನ್ನು ಹಿಂದಕ್ಕೆ ಓಡಿಸಿದೆ. ಮೂರು ಸಲ. ಕನಿಕರದಿಂದಲ್ಲ. ಆ 'ಧಡ್' ಎಂಬ ಸದ್ದು ನನಗೆ ಬೇಕಿತ್ತು. ಪಕ್ಕದಲ್ಲಿ ಕುಳಿತಿದ್ದ ಮಗ ಕೇಳಿದ, "ಅಪ್ಪಾ, ಅವನ ಕೈಗೆ ಏನಾಯಿತು?" ನಾನು ಉತ್ತರ ಕೊಡಲಿಲ್ಲ.

ಕಳೆದ ವರ್ಷ ಅದೇ ಮಗ ಶಾಲೆಯ ತಂಡಕ್ಕೆ ಸೇರಿದ. ಒಂದು ಸಂಜೆ ಅಭ್ಯಾಸ ಮುಗಿಸಿ ಬಂದು ತಲೆನೋವು ಎಂದ, ಅಡುಗೆಮನೆಯ ದೀಪ ಆರಿಸು ಎಂದ. "ಇಷ್ಟಕ್ಕೆಲ್ಲ ಮೆತ್ತಗಾದರೆ ಹೇಗೋ?" ಎಂದು ಮರುದಿನ ನಾನೇ ಅವನನ್ನು ಮೈದಾನಕ್ಕೆ ಬಿಟ್ಟು ಬಂದೆ. ಮಿದುಳಿಗೆ ಪೆಟ್ಟಾಗಿದೆ ಎಂದು ಗೊತ್ತಾದದ್ದು ಎರಡು ದಿನಗಳ ನಂತರ. ಅವನು ಕತ್ತಲೆ ಕೋಣೆಯಲ್ಲಿ ಮಲಗಿದ್ದಾಗ ಹೊರಗೆ ಕುಳಿತು ಮೈಕ್ ವೆಬ್‌ಸ್ಟರ್ ಬಗ್ಗೆ ಓದಿದೆ. ಪಿಟ್ಸ್‌ಬರ್ಗ್‌ಗೆ ನಾಲ್ಕು ಸೂಪರ್ ಬೌಲ್ ಫೈನಲ್ ಗೆದ್ದುಕೊಟ್ಟ ತಂಡದ ಸೆಂಟರ್, 2002ರಲ್ಲಿ 50ನೇ ವಯಸ್ಸಿಗೇ ತೀರಿಕೊಂಡರು. ಶವಪರೀಕ್ಷೆ ಮಾಡಿದ ಡಾಕ್ಟರ್ ಬೆನೆಟ್ ಒಮಾಲು, ವೆಬ್‌ಸ್ಟರ್ ಮಿದುಳಿನಲ್ಲಿ ಸಿಟಿಇ ಎಂಬ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಮಿದುಳು ಸವೆಯುವ ಕಾಯಿಲೆಯನ್ನು ಗುರುತಿಸಿದರು. ಚೆಂಡನ್ನು ಕ್ವಾರ್ಟರ್‌ಬ್ಯಾಕ್‌ಗೆ ದಾಟಿಸಿ ಎದುರಾಳಿಗಳನ್ನು ತಡೆಯುವವನು ಸೆಂಟರ್. ಚೆಂಡು ಕದಲಿದಾಗಲೆಲ್ಲ ಅವನ ತಲೆಗೆ ಪೆಟ್ಟು. ಟಿವಿಯಲ್ಲಿ ಮತ್ತೆ ತೋರಿಸುವಂಥ ಪೆಟ್ಟಲ್ಲ, ಯಾರೂ ಎಣಿಸದಂಥವು.

ಮೆತ್ತಗೆ ಎಂಬ ಪದವನ್ನು ನನ್ನ ಮಗನಿಗೆ ಹೇಳಿದವನು ನಾನು. ನಿನ್ನ ಸಂದೇಶದಲ್ಲಿ ಸಾರಿನ ಮಾತು ಓದಿದಾಗ ನೆನಪಾದದ್ದು ಅದೇ. ಅಭ್ಯಾಸಕ್ಕೆ ಕಳಿಸಿದ್ದು ನಾನೆಂದು ಅವನ ಅಮ್ಮನಿಗೆ ಇವತ್ತಿನವರೆಗೂ ಹೇಳಿರಲಿಲ್ಲ. ಈ ಪತ್ರ ಹಾಕುವ ಮುನ್ನ ಹೇಳುತ್ತೇನೆ.

ಮಗ ಈಗ ಚೆನ್ನಾಗಿದ್ದಾನೆ. ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾನೆ, ಮನೆಯಲ್ಲೂ ಊದುತ್ತಾನೆ. ಇಲ್ಲಿ ಚಳಿ ಶುರುವಾಗಿದೆ. ನಿಮ್ಮ ಅಮ್ಮನ ಚಟ್ನಿಪುಡಿ ಮುಗಿದು ತಿಂಗಳಾಯಿತು. ಇಡ್ಲಿ ಪಾತ್ರೆ ನನ್ನ ಬಳಿಯೇ ಇದೆ, ಮೂರನೆಯವನಿಗೆ ಹೇಳಬೇಡ.