ಲ್ಯಾಕ್ಸ್‌ಟನ್‌ನ ಹೊಲಗಳೂ ಚರಿತ್ರೆಯೇ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಹಳ್ಳಿಗಳ ಕುರಿತು ನಿಮ್ಮ ಪ್ರವಾಸ ಪುರವಣಿಯಲ್ಲಿ ಪ್ರಕಟವಾದ ಲೇಖನವು ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಗ್ರಾಮದ ಚರ್ಚು ಮತ್ತು ಕೋಟೆಯ ದಿಬ್ಬವನ್ನು ಪರಿಚಯಿಸಿ ಮುಂದೆ ಸಾಗಿದೆ. ಆ ಊರಿಗೆ ವಿಶೇಷ ಸ್ಥಾನ ತಂದುಕೊಟ್ಟ ಹೊಲಗಳ ಪ್ರಸ್ತಾಪವೇ ಅದರಲ್ಲಿ ಇಲ್ಲದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಧ್ಯಯುಗದಲ್ಲಿ ಇಂಗ್ಲೆಂಡಿನ ಮಧ್ಯಭಾಗದ ಬಹುಪಾಲು ಹಳ್ಳಿಗಳಲ್ಲಿ ಬೇಸಾಯ ನಡೆಯುತ್ತಿದ್ದುದು ಬೇಲಿಯಿಲ್ಲದ ವಿಶಾಲ ಹೊಲಗಳಲ್ಲಿ. ರೈತನ ಜಮೀನು ಒಂದೇ ಕಡೆ ಇರದೆ ಉದ್ದನೆಯ ಪಟ್ಟಿಗಳಾಗಿ ಎಲ್ಲ ಹೊಲಗಳಲ್ಲೂ ಹಂಚಿಹೋಗಿರುತ್ತಿತ್ತಾದ್ದರಿಂದ, ಫಲವತ್ತಾದ ಮಣ್ಣಾಗಲಿ ಜೌಗು ನೆಲವಾಗಲಿ ಒಬ್ಬನ ಪಾಲಿಗಷ್ಟೇ ಬೀಳುತ್ತಿರಲಿಲ್ಲ. 18 ಮತ್ತು 19ನೇ ಶತಮಾನಗಳಲ್ಲಿ ಸಂಸತ್ತು ಸಾಲುಸಾಲಾಗಿ ಅಂಗೀಕರಿಸಿದ ಕಾಯ್ದೆಗಳು ಇಂಥ ಹೊಲಗಳಿಗೆ ಬೇಲಿ ಹಾಕಿಸಿ, ಆ ಪದ್ಧತಿಯನ್ನು ಬಹುತೇಕ ಅಳಿಸಿಹಾಕಿದವು. ಲ್ಯಾಕ್ಸ್‌ಟನ್‌ನಲ್ಲಿ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ಹೊಲಗಳು ಉಳಿದುಕೊಂಡದ್ದಷ್ಟೇ ಅಲ್ಲ, ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮತ್ತೊಂದು ಬೀಳು ಎಂಬ ಸರದಿಯೂ ಅದನ್ನು ನಡೆಸುವ ನ್ಯಾಯಾಲಯವೂ ಉಳಿದುಕೊಂಡಿವೆ.

ಕೋರ್ಟ್ ಲೀಟ್ ಎಂಬ ಆ ನ್ಯಾಯಾಲಯದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೋಧಿ ಬಿತ್ತನೆಯಾದ ಮೇಲೆ, ಚಳಿಗಾಲದ ಆರಂಭದಲ್ಲಿ, ಜೂರಿಯ, ಅಂದರೆ ತೀರ್ಪು ಹೇಳಲು ನೇಮಕಗೊಂಡ ಊರಿನ ರೈತರ ತಂಡದ, ಸದಸ್ಯರು ಆ ವರ್ಷದ ಗೋಧಿ ಹೊಲಕ್ಕೆ ಇಳಿಯುತ್ತಾರೆ. ನೇಗಿಲು ದಾರಿಯ ಮೇಲೆ ಹಾದಿದೆಯೇ, ಪಟ್ಟಿಗಳ ಅಂಚಿನಲ್ಲಿರುವ ಸಾಮೂಹಿಕ ಹುಲ್ಲುನೆಲವನ್ನು ಯಾರಾದರೂ ಒತ್ತುವರಿ ಮಾಡಿದ್ದಾರೆಯೇ ಎಂದು ನೋಡಿ, ಗಡಿ ಅಳಿಸಿದ ಕಡೆ ಗೂಟ ಹೊಡೆಯುತ್ತಾರೆ. ಬಳಿಕ ಊರಿನ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಸೇರುವ ನ್ಯಾಯಾಲಯವು ತಪ್ಪಿಗೆ ದಂಡ ವಿಧಿಸಿ, ಮುಂದಿನ ವರ್ಷದ ಜೂರಿಯನ್ನು ನೇಮಿಸುತ್ತದೆ. ದೇಶದ ಇಂಥ ಹಳೆಯ ನ್ಯಾಯಾಲಯಗಳ ಅಧಿಕಾರವನ್ನು 1977ರ ಕಾಯ್ದೆ ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್‌ಗೆ ವಿನಾಯಿತಿ ದೊರೆಯಿತು. ತಮ್ಮ ಹೊಲದ ತಂಟೆಯನ್ನು ಅಕ್ಕಪಕ್ಕದ ರೈತರೇ ಹೊಲದಲ್ಲಿ ನಿಂತು ತೀರ್ಮಾನಿಸುವ ಈ ಏರ್ಪಾಡು ಯಾವ ಕಲ್ಲಿನ ಕಟ್ಟಡಕ್ಕಿಂತಲೂ ದೊಡ್ಡ ಸ್ಮಾರಕವೆಂದೇ ನನ್ನ ಭಾವನೆ.

ಇದು ಬದಲಾವಣೆಯನ್ನೇ ಕಾಣದ ಊರೇನೂ ಅಲ್ಲ. 20ನೇ ಶತಮಾನದ ಆರಂಭದಲ್ಲಿ ಪಟ್ಟಿಗಳನ್ನು ಒಗ್ಗೂಡಿಸಿ ಸಂಖ್ಯೆ ಕಡಿಮೆ ಮಾಡಲಾಯಿತು. ಜಮೀನಿನ ಒಡೆತನವು 1952ರಲ್ಲಿ ಅರ್ಲ್ ಮ್ಯಾನ್‌ವರ್ಸ್ ಅವರಿಂದ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ರಾಜಸತ್ತೆಯ ಆಸ್ತಿಗಳನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್‌ಗೆ ಹೋಯಿತು. ಒಡೆಯರು ಬದಲಾದರೂ ಸರದಿ ತಪ್ಪದಿರುವುದಕ್ಕೆ ಕಾರಣ ಅಲ್ಲಿನ ಒಕ್ಕಲು ಕುಟುಂಬಗಳು. ಅವರನ್ನು ಬಿಟ್ಟು ಈ ಊರಿನ ಚರಿತ್ರೆ ಬರೆಯುವುದು ಸರಿಯಲ್ಲ.

ಲೇಖನ ಹೇಳಿರುವ ದಿಬ್ಬವು ನಾರ್ಮನ್ನರ ಕಾಲದ ಕೋಟೆಯದು. ಕಟ್ಟಡ ಉಳಿದಿಲ್ಲವಾದರೂ ಮಣ್ಣಿನ ರಚನೆ ಸ್ಪಷ್ಟವಾಗಿದೆ. ಸಂತ ಮೈಕೇಲ್ ಚರ್ಚಿನಲ್ಲಿ 14ನೇ ಶತಮಾನದ ಮಹಿಳೆಯೊಬ್ಬರ ಮರದ ಸಮಾಧಿ ಪ್ರತಿಮೆಯಿದ್ದು, ಅದನ್ನೂ ಲೇಖನ ಉಲ್ಲೇಖಿಸಬಹುದಿತ್ತು.

ಭೂಮಾಪಕ ಮಾರ್ಕ್ ಪಿಯರ್ಸ್ 1635ರಲ್ಲಿ ರಚಿಸಿದ ಈ ಊರಿನ ನಕ್ಷೆಯು ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಪ್ರತಿಯೊಂದು ಪಟ್ಟಿಯನ್ನೂ ಗುರುತಿಸಿರುವ ಆ ನಕ್ಷೆಯಲ್ಲಿ ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳೂ ಇವೆ. ಪುರವಣಿಯು ಲ್ಯಾಕ್ಸ್‌ಟನ್ ಬಗ್ಗೆ ಮತ್ತೊಮ್ಮೆ ಬರೆಯುವುದಾದರೆ, ಆ ನಕ್ಷೆಯ ಒಂದು ಭಾಗವನ್ನೂ ಇಂದಿನ ಹೊಲಗಳ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಓದುಗ