ಗೀಸೆ ಬೇಕೆಂದ ಮಗು

ದಾವಣಗೆರೆ

ಪ್ರಿಯ ಮಿತ್ರರೇ,

ನಿಮ್ಮ ಮಗನ ಮಾತಿನ ಬಗ್ಗೆ ನೀವು ಬರೆದು ಕಳಿಸಿದ ಬರಹ ಬಂದು ಹತ್ತು ದಿನ ಆಯಿತು. ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲ ನಿಮ್ಮ ಮಗನ ಮೇಲೆ ಸ್ವಲ್ಪ ಅನುಮಾನ ಬಂತು. ಕ್ಷಮಿಸಿ, ಅವನ ಮೇಲಲ್ಲ, ನಿಮ್ಮ ಮೇಲೆ.

ಮೂರೂವರೆ ವರ್ಷದ ಹುಡುಗ ಸಂತೆ ಹೊಂಡದ ಹತ್ತಿರ ನಿಂತು, "ಅಪ್ಪಾ, ಚಂದ್ರನು ನೀರಿನಲ್ಲಿ ಸ್ನಾನ ಮಾಡುತ್ತಿದ್ದಾನೆ" ಎಂದನಂತೆ. ಚಿತ್ರದುರ್ಗದ ಯಾವ ಮನೆಯ ಮಗು "ಚಂದ್ರನು" ಅನ್ನುತ್ತದೆ ಹೇಳಿ? "ಚಂದಪ್ಪ ನೀರಾಗೆ ಬಿದ್ದೈತೆ" ಅಂತಲೋ ಏನೋ ಅಂದಿರಬೇಕು. ನೀವು ಆ ಮಾತಿಗೆ ತಲೆ ಬಾಚಿ, ಪೌಡರ್ ಹಚ್ಚಿ, ಇಸ್ತ್ರಿ ಬಟ್ಟೆ ತೊಡಿಸಿ ನನ್ನ ಹತ್ತಿರ ಕಳಿಸಿದ್ದೀರಿ.

ಬೈಯುವ ಹಕ್ಕು ನನಗಿಲ್ಲ. ಇದೇ ಕೆಲಸ ನಾನೂ ಮಾಡಿದ್ದೇನೆ. ನಮ್ಮ ಊರಿನಲ್ಲಿ ಆಗ ಹತ್ತಿ ಮಿಲ್ಲುಗಳು ನಡೆಯುತ್ತಿದ್ದವು. ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು. ನಾಲ್ಕು ವರ್ಷದ ನನ್ನ ಮಗಳು ಒಂದು ದಿನ ಅದನ್ನು ಕೇಳಿ ಏನೋ ಅಂದಳು. ನಾನು ಅದನ್ನು "ಅಮ್ಮಾ, ಮಿಲ್ಲಿಗೆ ಹಸಿವಾಗಿದೆ, ಅದಕ್ಕೇ ಅಳ್ತಿದೆ" ಎಂದು ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಅಚ್ಚಾಯಿತು. ಸಿಕ್ಕವರೆಲ್ಲ ಹೊಗಳಿದರು. ಮೊನ್ನೆ ಮಗಳು ಆ ಕತ್ತರಿಸಿಟ್ಟ ಹಾಳೆ ನೋಡಿ ಕೇಳಿದಳು: "ಅಮ್ಮಾ, ನಾನು ನಿಜವಾಗ್ಲೂ ಹೀಗೆ ಅಂದಿದ್ನಾ?"

ನನಗೆ ಗೊತ್ತಿಲ್ಲ. ಸೈರನ್ ನೆನಪಿದೆ, ಹಸಿವಿನ ಮಾತು ಬಂದದ್ದು ನೆನಪಿದೆ. ಬಹುಶಃ ಹಸಿವು ಅವಳದೇ ಇರಬೇಕು. ಉಳಿದದ್ದನ್ನು ನಾನು ಸೇರಿಸಿದೆನೋ, ಅವಳೇ ಅಂದಳೋ, ಯಾರನ್ನು ಕೇಳಲಿ? ಮೂರು ವರ್ಷಕ್ಕೆ ಮುಂಚಿನದು ದೊಡ್ಡವರಾದ ಮೇಲೆ ಹೆಚ್ಚುಕಡಿಮೆ ಯಾರಿಗೂ ನೆನಪಿರುವುದಿಲ್ಲ. ನಾಲ್ಕರದ್ದೂ ಚೂರುಪಾರು. ಅವಳಿಗೆ ಇದ್ದ ಒಬ್ಬಳೇ ಸಾಕ್ಷಿ ನಾನು. ಸಾಕ್ಷಿಯೇ ಕತೆ ಕಟ್ಟಿಬಿಟ್ಟಿದ್ದಳು.

ಅದಕ್ಕೇ ಹೇಳುತ್ತೇನೆ, ಮೊದಲು ಮಗು ಅಂದದ್ದನ್ನು ಅಂದ ಹಾಗೇ ಬರೆಯಿರಿ. ಕತೆ, ಲೇಖನ ಎಲ್ಲ ಆಮೇಲೆ. ಚಾರ್ಲ್ಸ್ ಡಾರ್ವಿನ್ ಕೂಡ ಇದನ್ನೇ ಮಾಡಿದ್ದರು. 1839ರ ಕೊನೆಯಲ್ಲಿ ಹುಟ್ಟಿದ ಮೊದಲ ಮಗನ ಬಗ್ಗೆ, ಕಂಡದ್ದನ್ನು ಕಂಡ ಕೂಡಲೇ ಬರೆದಿಟ್ಟರು. ಅದು ಅಚ್ಚಾದದ್ದು 1877ರಲ್ಲಿ. ಹುಡುಗ ಒಂದು ವರ್ಷಕ್ಕೆ ಊಟಕ್ಕೆ "ಮಮ್" ಎಂಬ ಮಾತು ಕಟ್ಟಿದನಂತೆ. ನಮ್ಮ ಮನೆಗಳ "ಮಮ್ಮು" ನೆನಪಾಗಲ್ವಾ? ಆಮೇಲೆ ಸಕ್ಕರೆ "ಶು-ಮಮ್" ಆಯಿತು. ಕಪ್ಪು ಅನ್ನುವುದನ್ನು ಕಲಿತ ಮೇಲೆ ಜ್ಯೇಷ್ಠಮಧು "ಬ್ಲ್ಯಾಕ್-ಶು-ಮಮ್" ಆಯಿತು. ಅಪ್ಪ ಇದನ್ನು ತಿದ್ದಿ "ಸಿಹಿ ತಿಂಡಿ ಕೇಳಿದ" ಎಂದು ಬರೆದಿದ್ದರೆ ನಮಗೆ ಏನು ಸಿಗುತ್ತಿತ್ತು?

ಮಗುವಿನ ತಪ್ಪನ್ನು ತಿದ್ದಿದರೆ ಅದರ ಲೆಕ್ಕಾಚಾರವೇ ಅಳಿಸಿಹೋಗುತ್ತದೆ. ನನ್ನ ಮೊಮ್ಮಗಳು 2 ವರ್ಷ 8 ತಿಂಗಳಲ್ಲಿ "ಅಜ್ಜಿ, ನಾನು ಬೀಳಿದೆ" ಎಂದು ಅಳುತ್ತಾ ಬಂದಳು. ನಮ್ಮ ಮನೆಯಲ್ಲಿ ಯಾರೂ "ಬೀಳಿದೆ" ಅನ್ನುವುದಿಲ್ಲ. ಹಾಗಾದರೆ ಎಲ್ಲಿಂದ ಬಂತು? ಮಾಡು, ಮಾಡಿದೆ. ಓಡು, ಓಡಿದೆ. ಅಂದಮೇಲೆ ಬೀಳು, ಬೀಳಿದೆ. ಅವಳು ಸರಿಯಾಗಿಯೇ ಇದ್ದಳು, ಕನ್ನಡವೇ ಅಡ್ಡದಾರಿ ಹಿಡಿದಿತ್ತು. ಕೊಟ್ಟೆ ಅನ್ನುವ ಕಡೆ "ಕೊಡಿದೆ" ಕೂಡ ಕೆಲವು ತಿಂಗಳು ನಡೆಯಿತು. ಕೊನೆಯ "ಬೀಳಿದೆ" ಯಾವತ್ತು ಬಂತೋ ಯಾರಿಗೂ ಗೊತ್ತಿಲ್ಲ. ಮೊದಲನೆಯದಕ್ಕೆ ತಾರೀಖು ಹಾಕಿದ್ದೇನೆ, ಅದೊಂದೇ ಸಮಾಧಾನ.

ಇನ್ನೊಂದು. ಮಗು ಅಂದದ್ದಕ್ಕಿಂತ ಮೊದಲು ನೀವೇನು ಅಂದಿರಿ, ಅದನ್ನೂ ಬರೆಯಿರಿ. ಬೆಣ್ಣೆ ದೋಸೆ ಹೋಟೆಲಿನಲ್ಲಿ ನಮ್ಮ ಯಜಮಾನರು ಮೊಮ್ಮಗನನ್ನು ಕೇಳಿದರು: "ದೋಸೆ ಗೀಸೆ ಏನಾದ್ರೂ ತಿಂತೀಯೇನೋ?" ಅವನು ಸ್ವಲ್ಪ ಯೋಚನೆ ಮಾಡಿ, "ದೋಸೆ ಬ್ಯಾಡ, ಗೀಸೆ ಕೊಡ್ಸು" ಎಂದ. ಅಜ್ಜನ ಪ್ರಶ್ನೆ ಬಿಟ್ಟರೆ ಇಲ್ಲಿ ಏನೂ ಇಲ್ಲ. ಎದುರಿಗೆ ಬಂದ ತಟ್ಟೆ ನೋಡಿ ಅವನು ಅತ್ತ. ಗೀಸೆ ಕೊಡ್ತೀವಿ ಅಂತ ನಾವೇ ಹೇಳಿದ್ದೆವಲ್ಲ! ಪಕ್ಕದ ಟೇಬಲ್ಲಿನವರು ಜೋರಾಗಿ ನಕ್ಕರು, ನಾವೂ ನಕ್ಕೆವು. ಅವನು ಮುಖ ಮುಚ್ಚಿಕೊಂಡ. ಇದನ್ನೂ ಬರೆದಿಟ್ಟಿದ್ದೇನೆ. ಸುಮ್ನೆ ನಗುವಿನ ಭಾಗ ಮಾತ್ರ ಇಟ್ಟುಕೊಂಡರೆ ಅದು ನಮ್ಮ ಡೈರಿ ಆಗುತ್ತದೆ, ಅವನದಾಗುವುದಿಲ್ಲ. ಮಕ್ಕಳು ಈ ವಯಸ್ಸಿನಲ್ಲಿ ತಮಾಷೆ ಮಾಡುವುದು ಕಡಿಮೆ ಸ್ವಾಮಿ. ಬಹಳಷ್ಟು ಸಲ ಗಂಭೀರವಾಗಿಯೇ ಮಾತಾಡುತ್ತಿರುತ್ತಾರೆ.

ಐದು ತುಂಬಿದ ಮೇಲೆ ಅದೇ ಹುಡುಗನನ್ನು ನಿಮ್ಮ ಊರಿನ ಕೋಟೆಗೆ ಕರೆದುಕೊಂಡು ಬಂದಿದ್ದೆ. ಓಬವ್ವನ ಕಿಂಡಿಯ ಮುಂದೆ ಕತೆ ಹೇಳಿದೆ. ಕಾವಲಿನ ಗಂಡ ಊಟಕ್ಕೆ ಬಂದದ್ದು, ಓಬವ್ವ ನೀರು ತರಲು ಹೋದದ್ದು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ್ದು, ಒನಕೆ. ನನಗೇ ಮೈ ಜುಮ್ಮೆಂದಿತ್ತು. ಅವನು ಎಲ್ಲ ಕೇಳಿಸಿಕೊಂಡು, "ಮತ್ತೆ ಅವ್ರಿಗೆ ನೀರು ಯಾರು ಕೊಟ್ರು?" ಎಂದ. ಅರವತ್ತು ವರ್ಷದಿಂದ ಈ ಕತೆ ಕೇಳುತ್ತಿದ್ದೇನೆ, ಹೇಳುತ್ತಿದ್ದೇನೆ. ತುತ್ತು ಕೈಯಲ್ಲಿ ಹಿಡಿದು ನೀರಿಗೆ ಕಾಯುತ್ತಿದ್ದ ಆ ಮನುಷ್ಯ ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ಮಾತನ್ನು ವಾಪಸ್ ಬರುವ ಬಸ್ಸಿನಲ್ಲಿ ಟಿಕೆಟ್ ಹಿಂದೆ ಗೀಚಿದೆ. ದಾವಣಗೆರೆ ಸುಮಾರು 60 ಕಿಲೋಮೀಟರ್. ಮನೆ ಮುಟ್ಟುವ ತನಕ ಕಾದಿದ್ದರೆ ನನ್ನ ತಲೆ ಅದಕ್ಕೆ ಪೌಡರ್ ಹಚ್ಚಿರುತ್ತಿತ್ತು. ರಾತ್ರಿ ನೋಟ್‌ಬುಕ್ಕಿಗೆ ಇಳಿಸಿದೆ: ತಾರೀಖು, ವಯಸ್ಸು, ಜಾಗ, ಯಾರಿದ್ದರು, ಹಿಂದಿನ ಮಾತು, ಅವನ ಮಾತು. ಅಷ್ಟೇ. "ಎಷ್ಟು ಮುದ್ದು" ಅಂತೆಲ್ಲ ಬರೆಯಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಬಹುದಲ್ಲ ಎನ್ನುತ್ತೀರಿ. ಮಾಡಿ. ಆದರೆ ಫೋನ್ ಎತ್ತಿ "ಇನ್ನೊಂದ್ಸಲ ಹೇಳು ಪುಟ್ಟಾ" ಅಂದಿರೋ, ಮುಗಿಯಿತು. ಎರಡನೇ ಸಲ ಅವನು ಹೇಳುವುದು ನಿಮ್ಮನ್ನು ನಗಿಸಲಿಕ್ಕೆ.

ಪ್ರಕಟಿಸುವ ವಿಚಾರಕ್ಕೆ ನಾನು ಸ್ವಲ್ಪ ಹಳೇ ಕಾಲದವಳು. ಬಚ್ಚಲಿನ ಪ್ರಸಂಗ, ಹಾಸಿಗೆ ಒದ್ದೆಯಾದ ಪ್ರಸಂಗ ನೋಟ್‌ಬುಕ್ಕಿನಲ್ಲೇ ಇರಲಿ. ಹತ್ತು ವರ್ಷ ಕಳೆದರೆ ಅವನ ಗೆಳೆಯರೂ ಓದಲು ಕಲಿತಿರುತ್ತಾರೆ.

ಈಗ ನಿಮ್ಮ ಚಂದ್ರನ ವಿಷಯ. ಅವತ್ತು ಅವನ ಅಮ್ಮನೂ ಜೊತೆಗಿದ್ದರು ಅಲ್ವಾ? ಅವರನ್ನು ಕೇಳಿ ನೋಡಿ, ಹುಡುಗ ಏನು ಅಂದ ಅಂತ. ನೀವು ಬರೆದದ್ದನ್ನು ಮಾತ್ರ ಮೊದಲೇ ಓದಿ ಹೇಳಬೇಡಿ. ಇಬ್ಬರಿಗೂ ನೆನಪಿಲ್ಲದಿದ್ದರೆ "ಹೊಂಡದ ನೀರಲ್ಲಿ ಚಂದ್ರನ್ನ ನೋಡಿ ಏನೋ ಅಂದ, ಮರೆತೆವು" ಎಂದೇ ಬರೆದು ಕಳಿಸಿ. ಅದನ್ನು ನಾನು ಖುಷಿಯಿಂದ ಓದುತ್ತೇನೆ.

ಈ ಕಡೆ ಬಂದರೆ ಮಗನನ್ನೂ ಕರೆದುಕೊಂಡು ಬನ್ನಿ. ದೋಸೆ ಕೊಡಿಸುತ್ತೇನೆ. ಸಿಕ್ಕರೆ ಗೀಸೆಯನ್ನೂ.

ಇತಿ,
ನಿಮ್ಮ ಹಿರಿಯ ಗೆಳತಿ