ಎರಡೋ ನಾಲ್ಕೋ? ಏಕೆಂದು ಕಲಿಸಿ

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನವಲಗುಂದ ತಾಲ್ಲೂಕಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಈಗ ಬಿಸಿಎ ಓದುತ್ತಿದ್ದಾಳೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕಳೆದ ವಾರ ಅವಳು ಸಿ ಎಂಬ ಕಂಪ್ಯೂಟರ್ ಭಾಷೆಯ ಜರ್ನಲ್, ಅಂದರೆ ಲ್ಯಾಬಿನ ದಾಖಲೆ ಪುಸ್ತಕ, ಹಿಡಿದುಕೊಂಡು ಕೆಳಗಿಳಿದು ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು.

‘ಇಂಟ್’ ಎಂಬ ಪೂರ್ಣಾಂಕ ಎಷ್ಟು ಬೈಟ್ ಜಾಗ ಹಿಡಿಯುತ್ತದೆ ಎಂದು ತೋರಿಸುವ ಪ್ರೋಗ್ರಾಮ್ ಅದು. ಸೊನ್ನೆ ಅಥವಾ ಒಂದನ್ನು ಹಿಡಿಸುವ ಒಂದು ಮನೆಗೆ ಬಿಟ್ ಎಂದೂ, ಅಂಥ ಎಂಟು ಸೇರಿದರೆ ಬೈಟ್ ಎಂದೂ ಹೆಸರು. ತನ್ನ ಲ್ಯಾಪ್‌ಟಾಪಿನಲ್ಲಿ 4 ಬಂದಿತ್ತು, ಕಂಡದ್ದನ್ನೇ ಬರೆದಿದ್ದಳು. ತಿದ್ದಿದವರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ 2 ಎಂದು ಬರೆದಿದ್ದರು. ಏಕೆಂದು ಕೇಳಿದ್ದಕ್ಕೆ, ಹೋದ ವರ್ಷದವರ ಜರ್ನಲ್ ನೋಡಿಕೊಳ್ಳಲು ಹೇಳಿದರಂತೆ.

ಎರಡು ಉತ್ತರಗಳೂ ಸರಿ. ಅವಳ ಕಾಲೇಜಿನ ಲ್ಯಾಬಿನಲ್ಲಿ ಇಂದಿಗೂ ಇರುವುದು ಡಾಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಕಾಲದ, ನೀಲಿ ಪರದೆಯ ಟರ್ಬೊ ಸಿ ಎಂಬ ಕಂಪೈಲರ್, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ. ಅದರಲ್ಲಿ ಇಂಟ್ ಎಂದರೆ 16 ಬಿಟ್, ಅಂದರೆ 2 ಬೈಟ್. ಇಂದಿನ ಲ್ಯಾಪ್‌ಟಾಪುಗಳಲ್ಲಿ ಉಚಿತವಾಗಿ ಸಿಗುವ ಜಿಸಿಸಿ ಕಂಪೈಲರ್ ಅದಕ್ಕೆ 32 ಬಿಟ್ ಕೊಡುತ್ತದೆ. ಸಿ ಭಾಷೆ ಇಂಟ್‌ನಲ್ಲಿ ಕನಿಷ್ಠ 32767ರವರೆಗಿನ ಸಂಖ್ಯೆ ಹಿಡಿಸಬೇಕೆಂದಷ್ಟೇ ಹೇಳಿ, ಉಳಿದದ್ದನ್ನು ಯಂತ್ರಕ್ಕೂ ಕಂಪೈಲರಿಗೂ ಬಿಟ್ಟಿದೆ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಈ ಭಾಷೆಯನ್ನು ಕಟ್ಟಿದಾಗ ಅವರ ಎದುರಿಗಿದ್ದ ಪಿಡಿಪಿ-11 ಯಂತ್ರವೂ 16 ಬಿಟ್‌ನದೇ. 1995ರಲ್ಲಿ ಬಂದ ಜಾವಾ ಭಾಷೆ, ಯಂತ್ರ ಯಾವುದಿದ್ದರೂ ಇಂಟ್ 32 ಬಿಟ್ ಎಂದೇ ಗೊತ್ತುಮಾಡಿತು. ಪೈಥಾನ್ ಭಾಷೆಯಲ್ಲಿ ಪೂರ್ಣಾಂಕವು ಮೆಮೊರಿ ಇರುವಷ್ಟೂ ಬೆಳೆಯುತ್ತದೆ, ಆದರೆ ಲೆಕ್ಕ ನಿಧಾನ. ಪ್ರೋಗ್ರಾಮಿಂಗ್ ಭಾಷೆಗಳ ಅಧ್ಯಯನವೆಂದರೆ ಈ ತೀರ್ಮಾನಗಳ ಅಧ್ಯಯನ. ಅರ್ಧವಿರಾಮ ಚಿಹ್ನೆ ಎಲ್ಲಿ ಬೀಳಬೇಕೆಂದು ಬಾಯಿಪಾಠ ಮಾಡುವುದಲ್ಲ.

ಇದು ಬರಿಯ ಪರೀಕ್ಷೆಯ ಮಾತೂ ಅಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೇಲೇರಿದ ಸುಮಾರು 40 ಸೆಕೆಂಡಿನಲ್ಲಿ ಛಿದ್ರವಾಯಿತು. 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸಲು ಹೋದಾಗ ಅದು ಹಿಡಿಸಲಿಲ್ಲ, ದಾರಿ ತೋರುವ ವ್ಯವಸ್ಥೆಯೇ ಕೈಕೊಟ್ಟಿತು.

ನಮ್ಮ ಹಳೆಯ ಸ್ಕೂಟರಿನ ಮೀಟರು 99999 ದಾಟಿ ಸೊನ್ನೆಗೆ ತಿರುಗಿದ್ದನ್ನು ಅವಳಿಗೆ ಹೇಳಿದೆ. ಟರ್ಬೊ ಸಿಯಲ್ಲಿ 32767ಕ್ಕೆ ಒಂದು ಕೂಡಿಸಿದರೆ –32768 ಬರುವುದೂ ಇಂಥದೇ ಸುತ್ತು ಎಂದೆ. ಹುಡುಗಿ ಕ್ಷಣ ಸುಮ್ಮನಿದ್ದು, “ಹಾಗಾದರೆ ಸೊನ್ನೆ ಬರದೆ ಮೈನಸ್ ಏಕೆ ಬರುತ್ತದೆ, ಅಕ್ಕೋರೇ?” ಎಂದಳು. ಕೇಳಬೇಕಾದ ಪ್ರಶ್ನೆಯೇ ಅದು. ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ನಾಲ್ಕೇ ಬಿಟ್ ಬರೆದುಕೊಂಡು, ಎಡಗಡೆಯ ಮೊದಲ ಬಿಟ್ ಒಂದಾದರೆ ಸಂಖ್ಯೆ ಋಣವಾಗುವುದನ್ನು ಇಬ್ಬರೂ ಲೆಕ್ಕ ಮಾಡಿದೆವು. ಏಳಕ್ಕೆ ಒಂದು ಕೂಡಿಸಿ –8 ಬಂದಾಗ ಅವಳ ಮುಖ ಅರಳಿತು. ಕನ್ನಡದಲ್ಲಿ ಅರ್ಧ ಗಂಟೆ ಹಿಡಿಯಿತು, ಅಷ್ಟೇ.

ಆ ಅರ್ಧ ಗಂಟೆ ತರಗತಿಯಲ್ಲಿ ಏಕೆ ಸಿಗುತ್ತಿಲ್ಲ? ಪಠ್ಯ, ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ವಿವರಣೆಗೆ ಕನ್ನಡ ಬಳಸಲು ಯಾರ ಅಡ್ಡಿಯೂ ಇಲ್ಲ. ಲ್ಯಾಬಿನ ಕಂಪೈಲರ್ ಬದಲಿಸಲು ಒಂದು ರೂಪಾಯಿಯೂ ಬೇಕಿಲ್ಲ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಪ್ರಶ್ನೆಪತ್ರಿಕೆಯಲ್ಲಿ ‘ಪ್ರೋಗ್ರಾಮ್ ಬರೆಯಿರಿ’ ಎಂಬುದರ ಜೊತೆಗೆ ‘ಇದರ ಉತ್ತರ ಏನು, ಏಕೆ’ ಎಂಬ ಪ್ರಶ್ನೆಗೂ ಅಂಕ ಇಡಲಿ. ಮುಂದಿನ ತಿಂಗಳು ಪ್ರಾಯೋಗಿಕ ಪರೀಕ್ಷೆಗಳಿವೆ. ಮೌಖಿಕದಲ್ಲಿ ಯಾವುದಾದರೂ ಮಗು 4 ಎಂದರೆ, ತಪ್ಪು ಎನ್ನುವ ಮೊದಲು ಯಾವ ಕಂಪೈಲರಿನಲ್ಲಿ ಎಂದು ದಯವಿಟ್ಟು ಕೇಳಿ.

– ನಿವೃತ್ತ ಗಣಿತ ಶಿಕ್ಷಕಿ, ಸಪ್ತಾಪುರ, ಧಾರವಾಡ